ಎರಡು ಪುಟಕ್ಕೇ ನಿಂತುಹೋಗುವ ಓದು

ಓದುಗರೊಬ್ಬರ ಪತ್ರ (ಸಂಕ್ಷಿಪ್ತವಾಗಿ): ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಹಾಸನದ ಮನೆ ಮಾರಿ ಬೆಂಗಳೂರಿನಲ್ಲಿ ಮಗಳ ಫ್ಲ್ಯಾಟಿಗೆ ಬಂದಿದ್ದೇನೆ. ವಾರಕ್ಕೊಂದು ಕಾದಂಬರಿ ಮುಗಿಸುತ್ತಿದ್ದವಳು ಈಗ ಎರಡು ಪುಟ ದಾಟುವುದಿಲ್ಲ. ಮಾತಾಡಿಸಲು ಬಂದವರು ಕೊಟ್ಟುಹೋದ ‘ಮಂಕುತಿಮ್ಮನ ಕಗ್ಗ’ವೇ ಮೂರು ಪ್ರತಿ ಇದೆ. ಯಜಮಾನರು ತಮ್ಮ ಕೈಯಾರೆ ಹೆಸರು ಬರೆದಿಟ್ಟಿದ್ದ ‘ಮೈಸೂರ ಮಲ್ಲಿಗೆ’ಯನ್ನು ಮುಟ್ಟಲು ಧೈರ್ಯವಾಗುತ್ತಿಲ್ಲ. ಸಮಾಧಾನ ಕೊಡುವ ಹತ್ತು ಪುಸ್ತಕ ಹೇಳುತ್ತೀರಾ?

ಸಂಪಾದಕರ ಉತ್ತರ:

ಪ್ರಿಯ ಓದುಗರೆ,

ನಿಮ್ಮ ಓದುವ ರುಚಿ ಎಲ್ಲೂ ಹೋಗಿಲ್ಲ. ಕಾದಂಬರಿ ಓದುವುದೆಂದರೆ ನಿನ್ನೆ ಯಾರು ಎಲ್ಲಿದ್ದರು, ಏನಂದರು ಎಂಬುದನ್ನೆಲ್ಲ ಮನಸ್ಸಿನಲ್ಲಿ ಹೊತ್ತುಕೊಂಡೇ ಇವತ್ತಿನ ಪುಟಕ್ಕೆ ಬರುವುದು. ದುಃಖ ಹೊತ್ತ ಮನಸ್ಸಿಗೆ, ಅದೂ ಹೊಸ ಮನೆಯಲ್ಲಿ ಯಾವ ಸ್ವಿಚ್ಚು ಯಾವ ದೀಪದ್ದೆಂದು ಇನ್ನೂ ಕಲಿಯುತ್ತಿರುವಾಗ, ಅಷ್ಟು ಹೊರೆ ಹೊರುವ ಬಲ ಇರುವುದಿಲ್ಲ. ಹಾಗಾಗಿ ಸದ್ಯಕ್ಕೆ ಪುಸ್ತಕದಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಎಷ್ಟು ಉದ್ದವಿದೆ ಅನ್ನುವುದನ್ನು ನೋಡಿ ಆರಿಸಿಕೊಳ್ಳಿ. ಹತ್ತರ ಪಟ್ಟಿಯನ್ನು ನಾವು ಕೊಡದಿರುವುದೂ ಇದಕ್ಕೇ. ಪಟ್ಟಿ ಕೈಗೆ ಬಂದರೆ ಅದನ್ನು ಮುಗಿಸಬೇಕೆಂಬ ಇನ್ನೊಂದು ಭಾರ ನಿಮ್ಮ ಹೆಗಲೇರುತ್ತದೆ.

ಮೊದಲು ಕಣ್ಣು ತೋರಿಸಿ. ಕನ್ನಡಕದ ಪವರ್ ಬದಲಾಗಿದ್ದರೆ ಅಥವಾ ಪೊರೆ ಶುರುವಾಗಿದ್ದರೆ ಎರಡೇ ಪುಟಕ್ಕೆ ಆಯಾಸವಾಗುತ್ತದೆ. ಅದನ್ನು ನಾವು ಮನಸ್ಸಿನ ದಣಿವೆಂದು ತಿಳಿದು ಸುಮ್ಮನಾಗುತ್ತೇವೆ. ಊಟ, ನಿದ್ದೆ ವಾರಗಟ್ಟಲೆ ತಪ್ಪಿದ್ದರೆ ಅದು ಪುಸ್ತಕ ಸರಿಮಾಡುವ ವಿಷಯವಲ್ಲ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಓದನ್ನು ಲಲಿತ ಪ್ರಬಂಧದಿಂದ ಶುರುಮಾಡಿ. ಕೂತಲ್ಲೇ ಮುಗಿಯುತ್ತದೆ, ನಿನ್ನೆಯದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಕೊನೆಯಲ್ಲಿ ಯಾರೂ ಸಾಯುವುದಿಲ್ಲ. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಇದಕ್ಕೆ ಹೇಳಿಮಾಡಿಸಿದ ಪುಸ್ತಕ. ಪಕ್ಕದಲ್ಲಿ ಕೂತವರೊಬ್ಬರು ಮೆಲುದನಿಯಲ್ಲಿ ಹರಟುತ್ತಿರುವಂಥ ಗದ್ಯ. ನಿಮ್ಮಿಂದ ಉತ್ತರ ಕೇಳುವುದಿಲ್ಲ. ದಿನಕ್ಕೆ ಒಂದೇ ಪ್ರಬಂಧ ಸಾಕು. ಇನ್ನೊಂದು ಓದಬೇಕೆನಿಸಿದರೂ ಮೊದಲ ವಾರ ಅಲ್ಲಿಗೇ ನಿಲ್ಲಿಸಿ. ಉಳಿದ ಆಸೆ ಮರುದಿನ ಪುಸ್ತಕ ತೆಗೆಸುತ್ತದೆ.

ನೀವು ಹಾಸನದವರಾದ್ದರಿಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ (1930) ನೆನಪಾಗುವುದು ಸಹಜ. ಆದರೆ ಮನೆ ಮಾರಿದ ಹೊಸತರಲ್ಲಿ ಹೇಮಾವತಿ ತೀರದ ಬರಹ ಎರಡೂ ಕಡೆ ಕೊಯ್ಯಬಲ್ಲದು. ಹಗಲು ಹೊತ್ತಿನಲ್ಲಿ ಅದರ ಒಂದೇ ಒಂದು ಪ್ರಬಂಧ ಓದಿನೋಡಿ. ಮುಗಿಸಿದ ಮೇಲೆ ಮಗಳನ್ನು ಕರೆದು ‘ಇದನ್ನು ಕೇಳು’ ಅನ್ನಬೇಕೆನಿಸಿದರೆ ಮುಂದುವರಿಸಿ. ಪುಸ್ತಕ ಮಡಿಲಲ್ಲಿಟ್ಟು ಗೋಡೆ ನೋಡುತ್ತ ಕೂತುಬಿಟ್ಟರೆ ಆರು ತಿಂಗಳು ಎತ್ತಿಡಿ. ಯಾವ ಪುಸ್ತಕಕ್ಕಾದರೂ ಈ ಪರೀಕ್ಷೆ ನಡೆಯುತ್ತದೆ.

ಇನ್ನು ಕಗ್ಗದ ವಿಚಾರ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ತೊಂದರೆಯಾಗುವುದು ನಾವು ಅದನ್ನು ಓದುವ ರೀತಿಯಲ್ಲಿ. 1943ರಲ್ಲಿ ಬಂದ ಈ ಕೃತಿಯಲ್ಲಿ 945 ಪದ್ಯಗಳಿವೆ. ಕಾದಂಬರಿಯಂತೆ ಒಂದೇ ಸಮನೆ ಇಪ್ಪತ್ತು ಪದ್ಯ ಓದಿದರೆ ಇಪ್ಪತ್ತು ಜನ ಸಾಲಾಗಿ ನಿಂತು ಬುದ್ಧಿ ಹೇಳಿದ ಹಾಗಾಗುತ್ತದೆ. ಒಂದು ಪ್ರತಿ ಇಟ್ಟುಕೊಂಡು ಉಳಿದೆರಡನ್ನು ಧಾರಾಳವಾಗಿ ಯಾರಿಗಾದರೂ ಕೊಟ್ಟುಬಿಡಿ. ಇಟ್ಟುಕೊಂಡದ್ದರಲ್ಲಿ ಬೆಳಿಗ್ಗೆ ಒಂದೇ ಪದ್ಯ, ಗಟ್ಟಿಯಾಗಿ, ಎರಡು ಸಲ. ಡಿ.ವಿ.ಜಿ. ನಡುವಯಸ್ಸಿಗೆ ಮುಂಚೆಯೇ ಪತ್ನಿಯನ್ನು ಕಳೆದುಕೊಂಡವರು. ಇದು ಗೊತ್ತಿದ್ದು ಓದಿದರೆ ಎಷ್ಟೋ ಪದ್ಯಗಳು ಉಪದೇಶದಂತೆ ಕೇಳುವುದಿಲ್ಲ.

ಸದ್ಯಕ್ಕೆ ಬೇಡವೇ ಬೇಡ ಅನ್ನುವಂಥವೂ ಕೆಲವಿವೆ. ಅನಂತಮೂರ್ತಿಯವರ ‘ಸಂಸ್ಕಾರ’ ದೊಡ್ಡ ಕೃತಿಯೇ. ಆದರೆ ಸಂಸ್ಕಾರವಿಲ್ಲದೆ ಬಿದ್ದಿರುವ ಹೆಣದ ಸುತ್ತ ನಡೆಯುವ ಕಥೆ, ವರ್ಷ ತುಂಬದ ಮನೆಗೆ ತಕ್ಕದ್ದಲ್ಲ. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ಒಂದೇ ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಯ್ಯುತ್ತದೆ. ಬಾಣಂತನದಲ್ಲಿ ಮನಸ್ಸು ಕುಗ್ಗಿರುವ ಹುಡುಗಿಗೆ ತ್ರಿವೇಣಿಯವರ ‘ಶರಪಂಜರ’ವನ್ನು ಕೊಡಬಾರದು ಅನ್ನುವುದೂ ಇದೇ ಲೆಕ್ಕ. ನಮ್ಮ ನೋವಿನ ಕಥೆಯೇ ನಮಗೆ ಸಾಂತ್ವನ ಎಂದು ಉಡುಗೊರೆ ಕೊಡುವವರು ನಂಬಿರುತ್ತಾರೆ. ಗಾಯ ಹಸಿಯಿರುವಾಗ ಅದು ನಿಜವಲ್ಲ.

ಪ್ರಬಂಧಗಳು ಹಿಡಿಸಿ, ಒಂದು ದಿನ ಗಡಿಯಾರ ನೋಡುವುದು ಮರೆತುಹೋದರೆ ಕಾದಂಬರಿಗೆ ಬನ್ನಿ. ಆಗಲೂ ಹಿಂದೆ ಓದಿ ಮೆಚ್ಚಿದ್ದನ್ನೇ ಮತ್ತೆ ತೆಗೆಯಿರಿ. ಮುಂದೇನೆಂಬ ಭಯವಿಲ್ಲ, ಮಧ್ಯೆ ನಾಲ್ಕು ಪುಟ ಮನಸ್ಸು ಅಲೆದರೂ ದಾರಿ ತಪ್ಪುವುದಿಲ್ಲ. ಹೊಸದೇ ಬೇಕೆಂದರೆ ಕಾರಂತರ ‘ಬೆಟ್ಟದ ಜೀವ’ (1943) ಚಿಕ್ಕದು. ಸುಬ್ರಹ್ಮಣ್ಯದ ಕಾಡಿನಲ್ಲಿ ತೋಟ ಮಾಡಿಕೊಂಡಿರುವ ಮುದುಕ ಗೋಪಾಲಯ್ಯ, ಆತನ ಹೆಂಡತಿ, ದಾರಿ ತಪ್ಪಿ ಬಂದ ಅತಿಥಿಗೆ ಬಿಸಿನೀರು, ಊಟ, ಮುಗಿಯದ ಮಾತು. ಮನೆ ಬಿಟ್ಟುಹೋದ ಮಗನ ಸಂಕಟವೂ ಅದರಲ್ಲಿದೆ. ಮಗಳ ಜೊತೆಗಿರುವ ನಿಮಗೆ ಅದನ್ನು ತಡೆದುಕೊಳ್ಳಲಾದೀತು. ದೂರ ಹೋದ ಮಕ್ಕಳ ಫೋನಿಗೆ ಕಾದಿರುವವರಿಗೆ ಈ ಪುಸ್ತಕವನ್ನು ನಾವು ಹೇಳುವುದಿಲ್ಲ. ಕಾರಂತರದೇ ‘ಅಳಿದ ಮೇಲೆ’ಯನ್ನು (1960) ವರ್ಷ ಕಳೆದ ಮೇಲೆ, ಯಜಮಾನರ ಕಾಗದಪತ್ರ ಜೋಡಿಸುವ ದಿನಗಳಿಗೆ ಇಟ್ಟುಕೊಳ್ಳಿ. ತೀರಿಹೋದ ಯಶವಂತರಾಯರು ಯಾರಾಗಿದ್ದರು ಎಂದು, ಅವರು ಬಿಟ್ಟುಹೋದದ್ದನ್ನು ಹಿಡಿದು ಊರೂರು ಹುಡುಕಿಕೊಂಡು ಹೋಗುವ ಕಾದಂಬರಿ ಅದು.

ಮುಂದೆಂದಾದರೂ ದೊಡ್ಡದು ಬೇಕೆನಿಸಿದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಏಳುನೂರು ಪುಟ ದಾಟುವ ಪುಸ್ತಕ. ದಿನಕ್ಕೆ ಹದಿನೈದು ಪುಟದಂತೆ ಹಿಡಿದರೆ ಸುಮಾರು ಒಂದು ಮಂಡಲ. ಮೊದಲ ಐವತ್ತು ಪುಟದಲ್ಲೇ ಬಹಳ ಜನ ಕೈಬಿಡುತ್ತಾರೆ. ಹೆಸರುಗಳೂ ಮನೆಗಳೂ ಕಲಸಿಹೋಗುವುದೇ ಕಾರಣ. ಒಂದು ಚೀಟಿಯಲ್ಲಿ ಯಾವ ಮನೆ, ಯಾರು ಯಾರು ಎಂದು ಬರೆದು ಪುಸ್ತಕದೊಳಗೇ ಇಡಿ. ಗುತ್ತಿಯ ನಾಯಿ ಹುಲಿಯನನ್ನು ಹಚ್ಚಿಕೊಂಡಿದ್ದರೆ ಕೊನೆಯ ಭಾಗವನ್ನು ರಾತ್ರಿ ಓದಬೇಡಿ.

ಕಥೆಯೇ ಬೇಡವೆನಿಸಿದ ದಿನಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಗಿಡಮರಗಳ ವಿಷಯ, ವಿದ್ಯಾರ್ಥಿಗಳ ಜೊತೆಗಿನ ಕಾಡಿನ ತಿರುಗಾಟ, ಹೊಟ್ಟೆ ಹುಣ್ಣಾಗಿಸುವ ನಗು. ಒಂದು ಅಧ್ಯಾಯ ಓದಿ ಕೆಳಗಿಳಿದು ಹೋಗಿ ಫ್ಲ್ಯಾಟಿನ ಅಂಗಳದ ಮರಗಳ ಹೆಸರು ಕೇಳಿಕೊಂಡು ಬನ್ನಿ. ಹೊಸ ಊರಿನಲ್ಲಿ ಮೊದಲ ಪರಿಚಯ ಹೀಗೂ ಆಗಬಹುದು.

ಓದುವುದಕ್ಕೆ ಮಲಗುವ ಹೊತ್ತು ಬೇಡ. ಇಡೀ ದಿನದ ದುಃಖ ಬಂದು ಕೂರುವ ಹೊತ್ತದು. ಬೆಳಗಿನ ಕಾಫಿ ಆದಮೇಲೆ, ಒಂದೇ ಕುರ್ಚಿ, ಇಪ್ಪತ್ತು ನಿಮಿಷ, ಮೊಬೈಲು ಬೇರೆ ಕೋಣೆಯಲ್ಲಿ. ಕೊಳ್ಳುವ ಮುಂಚೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಿಂದ ತಂದು ನೋಡಿ. ಎರವಲು ತಂದದ್ದನ್ನು ಅರ್ಧಕ್ಕೆ ಹಿಂದಿರುಗಿಸಲು ಸಂಕೋಚವಾಗುವುದಿಲ್ಲ.

‘ಮೈಸೂರ ಮಲ್ಲಿಗೆ’ಯನ್ನು ಯಾರಿಗೂ ಎರವಲು ಕೊಡಬೇಡಿ, ಅಟ್ಟಕ್ಕೂ ಹಾಕಬೇಡಿ. ಕಪಾಟಿನಲ್ಲಿ ಬೆನ್ನು ಕಾಣುವಂತೆ ಇರಲಿ. ಹೊಸ ಗಂಡಹೆಂಡಿರ ಒಲವಿನ ಪದ್ಯಗಳವು. ಈಗ ಓದಲಾಗದಿರುವುದರಲ್ಲಿ ತಪ್ಪೇನಿಲ್ಲ. ಓದಬೇಕೆನಿಸಿದ ದಿನ ಮಗಳಿಂದ ಹೊಸ ಪ್ರತಿಯೊಂದನ್ನು ತರಿಸಿ, ಅದರಲ್ಲಿ ಓದಿ. ಪುಟ ಒದ್ದೆಯಾದರೂ ಅವರ ಕೈಬರಹಕ್ಕೆ ಏನೂ ಆಗುವುದಿಲ್ಲ.