ಆಶಾ ಕಾರ್ಯಕರ್ತೆ ಬರೆದುಕೊಂಡ ಆರೋಗ್ಯ ಮಾಹಿತಿ ಯಾರದು?

ಈ ಪ್ರಶ್ನೆ ಕೇಳಿದವರು ಕೊಪ್ಪಳ ಕಡೆಯವರು; "ಮಾಹಿತಿ ಬಳಸಲು ನಾವು ಒಪ್ಪಿಗೆ ಕೊಟ್ಟ ಮೇಲೆ ಮುಗೀತಲ್ಲ?" ಎಂದಿದ್ದಾರೆ. ಮುಗಿಯುವುದಿಲ್ಲ.

ಡಿಜಿಟಲ್ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಒಬ್ಬೊಬ್ಬರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಡುವ, ಹಿಂಪಡೆಯುವ ಹಕ್ಕನ್ನು ವ್ಯಕ್ತಿಗೇ ಕೊಡುತ್ತದೆ. ಅದು ಬೇಕು. ಆದರೆ ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ತೊಂದರೆ ನೋಡಿ: ಒಂದೇ ಓಣಿಯ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಹೆಸರು ಅಳಿಸಿದರೂ ಊರಿನ ಗುರುತು ಉಳಿಯುತ್ತದೆ. ಆ ಮಾಹಿತಿ ಊರಿಗೆ ಮರಳಿದರೆ ಶುದ್ಧ ನೀರಿನ ಘಟಕ ಕೇಳಲು ಆಧಾರ. ಬೇಕಾಬಿಟ್ಟಿ ಹೊರಗೆ ಹೋದರೆ "ಆ ಊರಿನ ಹೆಣ್ಣು ಬ್ಯಾಡ" ಅನ್ನುವ ಮಾತು ಹುಟ್ಟಬಹುದು. ಒಬ್ಬರ ಸಹಿ ಇಷ್ಟನ್ನೆಲ್ಲ ಹೊರಲಾರದು.

ಮೂಲನಿವಾಸಿ ಸಮುದಾಯಗಳ ಪರವಾಗಿ 2019ರಲ್ಲಿ ರೂಪುಗೊಂಡ 'ಕೇರ್' (CARE) ಎಂಬ ದತ್ತಾಂಶ ಬಳಕೆಯ ತತ್ವಗಳು ಇದನ್ನೇ ಹೇಳುತ್ತವೆ: ಸಾಮೂಹಿಕ ಪ್ರಯೋಜನ, ನಿಯಂತ್ರಿಸುವ ಅಧಿಕಾರ, ಹೊಣೆ, ನೈತಿಕತೆ. ನಮ್ಮಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಗ್ರಾಮಸಭೆ ಇದೆ. ಸಂಶೋಧಕರು ಬಂದರೆ ಅಲ್ಲಿ ಕನ್ನಡದಲ್ಲೇ ಹೇಳಲಿ: ಏನು ಒಯ್ಯುತ್ತಾರೆ, ಯಾರಿಗೆ ಕೊಡುತ್ತಾರೆ, ಫಲಿತಾಂಶವನ್ನು ಯಾವಾಗ ತಂದು ಓದುತ್ತಾರೆ ಅಂತ.

ಒಂದು ಎಚ್ಚರ. ಸಭೆ "ಆಗಲಿ" ಅಂದರೂ ಒಬ್ಬಾಕೆ "ಬ್ಯಾಡ" ಅಂದರೆ ಆಕೆಯ ದಾಖಲೆ ಮುಟ್ಟಬಾರದು. ಊರ ಹಿರಿಯರ ಮುಂದೆ ಹಾಗೆ ಹೇಳುವುದು ಕಷ್ಟ. ಆಶಾ ಅಕ್ಕನ ಹತ್ತಿರ ಗುಟ್ಟಾಗಿ ಹೇಳುವ ದಾರಿ ಇರಲೇಬೇಕು.