ಮೈದಾನ ತುಂಬಿದೆ, ಟಿವಿ ಮುಂದೆ ಯಾರೂ ಇಲ್ಲ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸ್‌ಬಾಲ್ ಪಂದ್ಯ ನೋಡಿದೆ. ಕಾಲಿಡಲು ಜಾಗ ಇರಲಿಲ್ಲ. ಅಳಿಯ ಮಾತ್ರ, 'ಅದನ್ನ ಈಗ ವಯಸ್ಸಾದವರಷ್ಟೇ ನೋಡೋದು ಮಾವ' ಎಂದರು. ಟೆಸ್ಟ್ ಕ್ರಿಕೆಟ್ಟಿನ ಹಾಗೆ ನಿಧಾನ ಅಂತ ಜನ ಬಿಟ್ಟರೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕಂಡದ್ದು ಸರಿ. ಅಳಿಯಂದಿರು ಹೇಳಿದ್ದರಲ್ಲೂ ಹುರುಳಿದೆ. 2024ರಲ್ಲಿ ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯಗಳಿಗೆ 7 ಕೋಟಿಗೂ ಜಾಸ್ತಿ ಟಿಕೆಟ್ ಹೋಗಿವೆ. ಲೀಗಿನ ವರ್ಷದ ಆದಾಯ 1,000 ಕೋಟಿ ಡಾಲರ್ ದಾಟಿದೆ. ಮುಳುಗುತ್ತಿರುವ ಆಟದ ಲೆಕ್ಕ ಹೀಗಿರುವುದಿಲ್ಲ.

ಆದರೆ ಇನ್ನೊಂದು ಲೆಕ್ಕ ನೋಡಿ. ನೋಡಲು ನಿಮಗೆ ಯಾವ ಆಟ ಇಷ್ಟ ಎಂದು ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 1948ರಲ್ಲಿ ಕೇಳಿದಾಗ ನೂರಕ್ಕೆ 39 ಅಮೆರಿಕನ್ನರು ಬೇಸ್‌ಬಾಲ್ ಎಂದಿದ್ದರು. 2023ರಲ್ಲಿ ಹಾಗೆ ಹೇಳಿದವರು ಹತ್ತೇ ಮಂದಿ. ಅವರ ಫುಟ್‌ಬಾಲ್‌ಗೆ (ನಮ್ಮ ಕಾಲ್ಚೆಂಡಲ್ಲ, ಅಮೆರಿಕನ್ ಫುಟ್‌ಬಾಲ್) 41. 1972ರ ಹೊತ್ತಿಗೇ ಫುಟ್‌ಬಾಲ್ ಮುಂದೆ ಹೋಗಿಯಾಗಿತ್ತು.

ನಿಧಾನ ಅಂದಿರಿ. ಅದು ನಿಜವೇ. 1970ರ ದಶಕದಲ್ಲಿ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪಂದ್ಯ 2021ರಲ್ಲಿ ಸರಾಸರಿ 3 ಗಂಟೆ 10 ನಿಮಿಷ ಹಿಡಿಯಿತು. ಇನ್ನಿಂಗ್ಸ್ ಅಷ್ಟೇ, ಒಂಬತ್ತು. ಹಾಗಾದರೆ ಆ ಹೊತ್ತೆಲ್ಲ ಎಲ್ಲಿ ಹೋಯಿತು? ಆಗೆಲ್ಲ ಒಂದು ಚೆಂಡು ಬಿದ್ದ ಮೇಲೆ ಬ್ಯಾಟರ್ ತನ್ನ ಚೌಕದಿಂದ ಆಚೆ ಬರುತ್ತಿದ್ದ. ಗ್ಲೌಸಿನ ಪಟ್ಟಿ ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಇನ್ನೊಂದು ಕೈಯದ್ದೂ ಬಿಚ್ಚುತ್ತಿದ್ದ. ಅತ್ತ ಚೆಂಡು ಎಸೆಯುವ ಪಿಚರ್ ದಿಬ್ಬದ ಮೇಲೆ ಒಂದು ಸುತ್ತು ಹಾಕಿ, ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಮಾಡಿದ ಸನ್ನೆಗೆ ತಲೆ ಅಲ್ಲಾಡಿಸುತ್ತಿದ್ದ. ಇನ್ನೊಂದು ಸನ್ನೆ. ಅದೂ ಬೇಡ. ಕೊನೆಗೆ ಮ್ಯಾನೇಜರ್ ಬಂದು ಪಿಚರನ್ನೇ ಬದಲಿಸುತ್ತಿದ್ದ, ಟಿವಿಯಲ್ಲಿ ಜಾಹೀರಾತು ಶುರು.

ಮೇಲಿಂದ ಅಂಕಿಅಂಶದವರ ಕಾಟ. ಹೊಡೆದರೆ ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆ, ಇಲ್ಲವೇ ಕೆಟ್ಟ ಚೆಂಡು ಬಿಟ್ಟು ವಾಕ್ (ಹೊಡೆಯದೆಯೇ ಮೊದಲ ಬೇಸ್) ಗಿಟ್ಟಿಸು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಆದರೂ ಪರವಾಗಿಲ್ಲ ಎಂದು ಕಂಪ್ಯೂಟರ್ ಹೇಳಿತು. ಗೆಲ್ಲಲು ಅದು ಸರಿಯಾದ ದಾರಿಯೇ. ಆದರೆ ಈ ಮೂರರಲ್ಲಿ ಯಾವುದಾದರೂ ಪಿಚರ್ ಹಿಂದೆ ನಿಂತ ಏಳು ಫೀಲ್ಡರ್‌ಗಳಿಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. 2018ರಲ್ಲಿ ಮೊದಲ ಸಲ ಹಿಟ್‌ಗಳಿಗಿಂತ (ಹೊಡೆದು ಬೇಸ್ ತಲುಪಿದ್ದಕ್ಕಿಂತ) ಸ್ಟ್ರೈಕ್‌ಔಟ್‌ಗಳೇ ಜಾಸ್ತಿಯಾದವು. ಓಟ, ಡೈವ್, ಗುರಿಯಿಟ್ಟ ಎಸೆತ, ನೋಡಲು ಚೆಂದ ಅನಿಸುವುದೆಲ್ಲ ಕಡಿಮೆಯಾಯಿತು.

ಇಷ್ಟಾದರೂ ನಿಧಾನವೇ ಮುಖ್ಯ ಕಾರಣ ಎಂದು ನಾನು ಒಪ್ಪುವುದಿಲ್ಲ. ಯಾಕೆ ಅಂದರೆ, 2023ರಲ್ಲಿ ಲೀಗ್ ಗಡಿಯಾರ ತಂದಿತು. ಆಗ ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಬೇಸ್ ಮೇಲೆ ಓಟಗಾರ ಇದ್ದರೆ 20 (2024ರಿಂದ 18). ಅಷ್ಟರೊಳಗೆ ಪಿಚರ್ ಎಸೆಯಲು ಶುರು ಮಾಡಲೇಬೇಕು. ಒಂದೇ ವರ್ಷದಲ್ಲಿ ಪಂದ್ಯದ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಮೈದಾನಕ್ಕೆ ಬರುವವರೂ ಹೆಚ್ಚಿದರು. ಆದರೆ ಅದೇ ವರ್ಷ ಟೆಕ್ಸಸ್ ಮತ್ತು ಅರಿಜೋನಾ ಆಡಿದ ವರ್ಲ್ಡ್ ಸೀರೀಸನ್ನು (ಲೀಗಿನ ಫೈನಲ್ ಸರಣಿ) ಟಿವಿಯಲ್ಲಿ ನೋಡಿದವರು ಸರಾಸರಿ 91 ಲಕ್ಷ. ಅಲ್ಲಿಯವರೆಗಿನ ಅತಿ ಕಡಿಮೆ! 1978ರಲ್ಲಿ ಅದು ಸುಮಾರು 4.4 ಕೋಟಿ ಇತ್ತು.

ಬೇಸ್‌ಬಾಲ್ ಈಗ ಊರಿನ ಆಟ, ದೇಶದ ಆಟವಾಗಿ ಉಳಿದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ತಂಡಕ್ಕೆ ಸೀಸನ್‌ಗೆ 162 ಪಂದ್ಯ, ಹೆಚ್ಚೂಕಡಿಮೆ ದಿನಾ ಒಂದು. ನಮ್ಮೂರ ತಂಡದ ಪಂದ್ಯವನ್ನೇ ನೋಡಿ ಮುಗಿಸಲು ಆಗದಿರುವಾಗ ಪಕ್ಕದೂರಿನದು ಯಾರಿಗೆ ಬೇಕು? ಫುಟ್‌ಬಾಲ್ ತಂಡಕ್ಕೆ ಹದಿನೇಳೇ ಪಂದ್ಯ, ಹೆಚ್ಚಾಗಿ ವಾರಕ್ಕೊಂದು. ಒಂದು ಸೋತರೂ ಎದೆ ಧಸಕ್ಕೆನ್ನುತ್ತದೆ. ಭಾನುವಾರ ಇಡೀ ದೇಶ ಕೂತು ನೋಡುತ್ತದೆ. 2024ರಲ್ಲಿ ಅದರ ಫೈನಲ್ ಆದ ಸೂಪರ್ ಬೌಲ್ ನೋಡಿದವರು 12 ಕೋಟಿಗೂ ಹೆಚ್ಚು.

ಇದಕ್ಕೆ ತಂಡದ ಮಾಲೀಕರೂ ಹೊಣೆ. ಆಯಾ ಪ್ರಾಂತ್ಯದ ಕೇಬಲ್ ಚಾನೆಲ್‌ಗಳಿಗೆ ಪಂದ್ಯಗಳ ಪ್ರಸಾರದ ಹಕ್ಕು ಮಾರಿ ಚೆನ್ನಾಗಿಯೇ ದುಡ್ಡು ಮಾಡಿದರು. ಆ ಹಕ್ಕು ಕಾಯಲು, ಲೀಗಿನದೇ ಆನ್‌ಲೈನ್ ಚಂದಾ ಕಟ್ಟಿದವನಿಗೂ ಅವನ ಊರಿನ ತಂಡದ ಪಂದ್ಯ ಕಾಣದಂತೆ ಮಾಡಿದರು. ಇದೆಂಥ ನ್ಯಾಯ ಹೇಳಿ! ಕೇಬಲ್ ಇಲ್ಲದ ಮನೆಯ ಹುಡುಗನಿಗೆ ಪಕ್ಕದ ಮೈದಾನದ ಆಟಕ್ಕಿಂತ ಬಾಸ್ಕೆಟ್‌ಬಾಲ್ ತುಣುಕುಗಳೇ ಫೋನಿನಲ್ಲಿ ಸುಲಭವಾಗಿ ಸಿಕ್ಕವು. ಆಮೇಲೆ ಜನ ಕೇಬಲ್ ಬಿಟ್ಟರು. ಇಂಥ ಹಲವು ಚಾನೆಲ್‌ಗಳನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಊರಿನ ಆಟ ಅಂದಮೇಲೆ ತಂಡ ಊರು ಬಿಟ್ಟರೆ? ನಿಮ್ಮ ಮಗಳ ಮನೆಗೆ ಹತ್ತಿರದ ಓಕ್ಲೆಂಡ್‌ನಲ್ಲಿ ಆಗಿರುವುದು ಅದೇ. 1968ರಿಂದ ಅಲ್ಲಿದ್ದ ಅಥ್ಲೆಟಿಕ್ಸ್ ತಂಡ 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಪಂದ್ಯ ಆಡಿ ಹೊರಟಿತು. ಸದ್ಯಕ್ಕೆ ಸ್ಯಾಕ್ರಮೆಂಟೊ, ಮುಂದೆ ಲಾಸ್ ವೇಗಸ್. ಆ ಊರಿನ ಮಕ್ಕಳು ಯಾವ ತಂಡದ ಟೋಪಿ ಹಾಕಿಕೊಳ್ಳಬೇಕು?

ಟೆಸ್ಟ್ ಕ್ರಿಕೆಟ್ ಜೊತೆ ಹೋಲಿಕೆ ಇಲ್ಲೇ ತಪ್ಪುತ್ತದೆ. ಟೆಸ್ಟ್ ಬಿಟ್ಟವರು ಟಿ20 ನೋಡಿದರು. ಅಲ್ಲೂ ಆಡಿದ್ದು ಅದೇ ಕೊಹ್ಲಿ, ಅದೇ ಬುಮ್ರಾ. ಕ್ರಿಕೆಟ್ಟಿಗೆ ನಷ್ಟವಾಗಲಿಲ್ಲ. ಬೇಸ್‌ಬಾಲ್ ಬಿಟ್ಟವರು ಬೇರೆ ಆಟಕ್ಕೇ ಹೋದರು.

ಮತ್ತೆ ಎದ್ದು ನಿಲ್ಲಲಾರದು ಎಂದೇನಿಲ್ಲ. 2024ರ ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್, ನ್ಯೂಯಾರ್ಕ್ ಎದುರಾದಾಗ ಸರಾಸರಿ 1.58 ಕೋಟಿ ಅಮೆರಿಕನ್ನರು ನೋಡಿದರು. ಎರಡೂ ದೊಡ್ಡ ಊರು, ಜೊತೆಗೆ ಜಪಾನಿನ ತಾರಾ ಆಟಗಾರ ಓಟಾನಿ.

ನನಗೆ ಅನುಮಾನ ಇರುವುದು ಮಾಲೀಕರ ಮೇಲೆ. 1994ರಲ್ಲಿ ಅವರು ಸಂಬಳಕ್ಕೆ ಮಿತಿ ಹಾಕಲು ಹೊರಟಾಗ ಆಟಗಾರರು ಮುಷ್ಕರ ಹೂಡಿ, ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಮಾಲೀಕರು, ಆಟಗಾರರ ನಡುವಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಕೆಲವು ಮಾಲೀಕರು ಮತ್ತೆ ಅದೇ ಮಿತಿಯ ಮಾತು ಎತ್ತಿದ್ದಾರೆ. 2027ರ ಬೇಸಿಗೆಯಲ್ಲಿ ಪಂದ್ಯ ನೋಡುವ ಆಸೆ ಇದ್ದರೆ ವಿಮಾನದ ಟಿಕೆಟ್ಟಿಗೆ ಸುಮ್ನೆ ಅವಸರ ಮಾಡಬೇಡಿ.

– ಸಂ.