ಮಗು ಬೇಡವೆಂದರೆ ಬಾಗಿಲಲ್ಲೇ ನಿಲ್ಲಿ

ಪ್ರಶ್ನೆ: ಕಚೇರಿಯ ಎಂಟು ಮಂದಿ ಗೆಳೆಯರು ಜೋಕರ್ ವೇಷ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಬೇಕೆಂದಿದ್ದೇವೆ. ಬಲೂನು, ಚಾಕೊಲೇಟು, ಸ್ಪೀಕರ್ ಸಿದ್ಧವಾಗಿವೆ. ಇನ್ನೇನು ಬೇಕು ಡಾಕ್ಟರೇ?

ಉತ್ತರ: ನವೆಂಬರ್ 14 ಹತ್ತಿರವಾಗುತ್ತಿದ್ದಂತೆ ಪ್ರತಿವರ್ಷ ಈ ಪತ್ರ ಬರುತ್ತದೆ. ಮೊದಲು, ಸಿದ್ಧಮಾಡಿಕೊಂಡಿರುವ ಮೂರನ್ನೂ ಮನೆಯಲ್ಲೇ ಬಿಡಿ. ಬಲೂನಿನ ರಬ್ಬರು ಕೆಲವು ಮಕ್ಕಳಿಗೆ ಅಲರ್ಜಿ. ಒಡೆದ ಚೂರು ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಆಪರೇಷನ್‌ಗೆಂದು ಉಪವಾಸವಿರುವ ಮಗುವಿನ ಕೈಗೆ ಚಾಕೊಲೇಟು ಕೊಟ್ಟರೆ ಅಂದಿನ ಆಪರೇಷನ್ನೇ ಮುಂದಕ್ಕೆ ಹೋಗುತ್ತದೆ. ಸ್ಪೀಕರ್ ವಿಚಾರ ನಾನು ಹೇಳಬೇಕಾಗಿಲ್ಲ.

ಎಂಟು ಮಂದಿ ಒಟ್ಟಿಗೆ ನುಗ್ಗುವುದೂ ಬೇಡ. 1986ರಲ್ಲಿ ನ್ಯೂಯಾರ್ಕಿನ ಸರ್ಕಸ್ ಕಲಾವಿದ ಮೈಕೆಲ್ ಕ್ರಿಸ್ಟೆನ್ಸನ್ ಆಸ್ಪತ್ರೆ ವಿದೂಷಕರ ಮೊದಲ ವ್ಯವಸ್ಥಿತ ತಂಡ ಕಟ್ಟಿದರು. ತರಬೇತಾದ ಕಲಾವಿದರು ವಾರವಾರವೂ ತಪ್ಪದೆ ಅದೇ ವಾರ್ಡುಗಳಿಗೆ ಹೋಗುತ್ತಿದ್ದರು. ದೆಹಲಿಯಲ್ಲಿ 2016ರಲ್ಲಿ ಆರಂಭವಾದ ಕ್ಲೌನ್‌ಸೆಲರ್ಸ್ ತಂಡದವರು ನಿಮ್ಮಂತೆ ಸ್ವಯಂಸೇವಕರೇ. ಆದರೆ ವರ್ಷಕ್ಕೊಮ್ಮೆ ಬಂದು ಹೋಗುವವರಲ್ಲ. ಪಳಗಿದ ತಂಡಗಳಲ್ಲಿ ವಿದೂಷಕರು ಇಬ್ಬಿಬ್ಬರಾಗಿ ಹೋಗುತ್ತಾರೆ. ಒಬ್ಬನೇ ಹೋದರೆ ಮಗು ಅವನಿಗೆ ಉತ್ತರ ಕೊಡಬೇಕು, ನಗಬೇಕು. ಇಬ್ಬರಿದ್ದರೆ ಅವರೇ ಪರಸ್ಪರ ಕಿತ್ತಾಡಿಕೊಳ್ಳುತ್ತಾರೆ. ಮಗು ಮಲಗಿದ್ದಲ್ಲಿಂದಲೇ ಸುಮ್ಮನೆ ನೋಡಬಹುದು. ಒಳಗೆ ಕಾಲಿಡುವ ಮೊದಲು ನರ್ಸ್ ಬಳಿ ವಿಚಾರಿಸುತ್ತಾರೆ: ಯಾರಿಗೆ ಜ್ವರ, ಯಾರ ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಯಾವ ಹಾಸಿಗೆಯ ಹತ್ತಿರ ಇಂದು ಹೋಗಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ಒಪ್ಪಿಗೆ. ವಾರ್ಡಿನಲ್ಲಿ ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ನಾನೂ ಕೇಳದೆಯೇ ಹೊಟ್ಟೆ ಒತ್ತುತ್ತೇನೆ, ನರ್ಸ್ ಕೇಳದೆಯೇ ಸೂಜಿ ಚುಚ್ಚುತ್ತಾರೆ. ‘ಬೇಡ, ಹೋಗು’ ಎಂದು ಅದು ಹೇಳಬಹುದಾದದ್ದು ವಿದೂಷಕನಿಗೆ ಮಾತ್ರ. ಐದು ವರ್ಷದ ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ಡ್ರಿಪ್ ಹಾಕಿದ ಎಡಗೈಗೆ ಪಟ್ಟಿ ಕಟ್ಟಿದ್ದೆವು. ಬಿಳಿ ಕೋಟು ಕಂಡರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಕೆಂಪು ಮೂಗಿನವರಿಬ್ಬರು ಬಾಗಿಲಲ್ಲಿ ಇಣುಕಿದಾಗ ತಲೆ ಅಲ್ಲಾಡಿಸಿದಳು. ಅವರು ಒಡನೆಯೇ ಹಿಂದೆ ಸರಿದರು. ಸರಿಯುವಾಗ ಒಬ್ಬ ಚೌಕಟ್ಟಿಗೆ ತಲೆ ಬಡಿಸಿಕೊಂಡು ಚೌಕಟ್ಟಿನ ಬಳಿಯೇ ಕ್ಷಮೆ ಕೇಳಿದ. ಮುಂದಿನ ವಾರವೂ ಅವಳದ್ದು ಅದೇ ಉತ್ತರ, ಅವರದ್ದು ಅದೇ ಹಿನ್ನಡೆ. ಮೂರನೆಯ ವಾರ ಪಟ್ಟಿ ಕಟ್ಟಿದ ಕೈಯಿಂದಲೇ ‘ಬಾ’ ಎಂದು ಸನ್ನೆ ಮಾಡಿದಳು. ನೀವು ಒಂದೇ ಭಾನುವಾರ ಬರುವವರಾಗಿದ್ದರೆ ಆ ಮೂರನೆಯ ವಾರ ನಿಮಗೆ ಸಿಗುವುದಿಲ್ಲ. ಆರು ತಿಂಗಳು ತಪ್ಪದೆ ಬರಬಲ್ಲ ಇಬ್ಬರನ್ನು ಆರಿಸಿ, ತರಬೇತಿ ಕೊಡಿಸಿ, ಆಮೇಲೆ ಆಸ್ಪತ್ರೆಗೆ ಅರ್ಜಿ ಹಾಕಿ.

ಪ್ರಶ್ನೆ: ನಕ್ಕರೆ ಪ್ಲೇಟ್‌ಲೆಟ್ ಏರುತ್ತದೆ ಎಂದು ಒಬ್ಬರು ‘ನಗೆ ಚಿಕಿತ್ಸೆ’ಗೆ ಐದು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಯಿಲೆ ಬಿದ್ದ ಮಗುವಿನ ತಾಯಿಯ ಭಯವನ್ನು ಮಾರಿ ಬದುಕುವವರ ಮೇಲೆ ನನಗೆ ಸಿಟ್ಟಿದೆ. ವಿದೂಷಕರಿಂದ ತಗ್ಗುವುದು ಹೆದರಿಕೆ. ಇಟಲಿಯ ಫ್ಲಾರೆನ್ಸ್‌ನಲ್ಲಿ 40 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿವಳಿಕೆಗೆ ಮುಂಚೆ ವಿದೂಷಕರ ಜೊತೆಯಿದ್ದ ಮಕ್ಕಳ ಆತಂಕ ಕಡಿಮೆಯಿತ್ತು. 2009ರಲ್ಲಿ ಪ್ರಕಟವಾದ ಇಸ್ರೇಲಿನ ಇನ್ನೊಂದು ಅಧ್ಯಯನದಲ್ಲಿ ಅರಿವಳಿಕೆಯ ಮಾಸ್ಕ್ ಮುಖದ ಹತ್ತಿರ ಬಂದಾಗ ಆ ಲಾಭ ಉಳಿಯಲಿಲ್ಲ. ಹೆದರಿಕೆ ತಗ್ಗುವುದೇ ದೊಡ್ಡ ಉಪಕಾರ. ಅದರಾಚೆ ಔಷಧದ ಕೆಲಸವನ್ನು ಔಷಧವೇ ಮಾಡಬೇಕು.

ಪ್ರಶ್ನೆ: ಎರಡು ವರ್ಷದ ಮಗ ಜೋಕರನ್ನು ಕಂಡು ಕಿರುಚಿದ. ದೃಷ್ಟಿ ತೆಗೆಸಬೇಕೇ?

ಉತ್ತರ: ಜೋಕರನ ಮುಖದ ಬಣ್ಣ ತೆಗೆಸಿ. ಆ ವಯಸ್ಸಿನಲ್ಲಿ ಬಣ್ಣದಡಿಯ ಮುಖ ಗುರುತು ಸಿಗುವುದಿಲ್ಲ. ಪುಟ್ಟ ಕೆಂಪು ಮೂಗು ಸಾಕು.

ಪ್ರಶ್ನೆ: ಮಕ್ಕಳೊಂದಿಗೆ ಫೋಟೊ ತೆಗೆದು ಹಂಚಿಕೊಳ್ಳಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ಸ್ವಲ್ಪ ನೆಗಡಿಯಿದೆ. ಮಾಸ್ಕ್ ಹಾಕಿಕೊಂಡು ಹೋದರೆ ಆಗದೇ?

ಉತ್ತರ: ಆಗದು. ಕೀಮೊಥೆರಪಿ ಪಡೆಯುತ್ತಿರುವ ಮಗುವಿನ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿಯ ಕಣಗಳು ತೀರಾ ಕಡಿಮೆಯಾಗಿರುತ್ತವೆ. ನಿಮಗೆ ಎರಡು ದಿನ ಮೂಗು ಸೋರಿಸುವ ನೆಗಡಿ ಅದನ್ನು ಐಸಿಯುಗೆ ತಳ್ಳಬಹುದು. ಜೊತೆಗಾರರಿಗೆ ಫೋನ್ ಮಾಡಿ, ಈ ವಾರ ಮನೆಯಲ್ಲಿರಿ.